ಮಗಳ ಸ್ಪಾರಿಂಗ್ ಸೆಟ್: ಯಾವುದು ಏನನ್ನು ಕಾಯುತ್ತದೆ?

ಟೇಕ್ವಾಂಡೋ ಕಲಿಯುತ್ತಿರುವ 13 ವರ್ಷದ ಮಗಳಿಗೆ ಮುಂದಿನ ತಿಂಗಳಿಂದ ಸ್ಪಾರಿಂಗ್ (ಎದುರಾಳಿಯೊಂದಿಗೆ ಆಡುವ ಅಭ್ಯಾಸ) ಆರಂಭವಾಗುತ್ತದೆ, ಮಾಸ್ಟರ್ ರಕ್ಷಣಾ ಸಾಧನಗಳ ಪೂರ್ತಿ ಸೆಟ್ ಕೊಳ್ಳಲು ಹೇಳಿದ್ದಾರೆ, ಆದರೆ ಮನೆಯ ಹಿರಿಯರು ‘ಗರಡಿಯಲ್ಲಿ ನಾವೇನು ಕಟ್ಟಿಕೊಂಡಿದ್ದೆವು’ ಎನ್ನುತ್ತಿದ್ದಾರೆ ಎಂದು ಬರೆದಿದ್ದೀರಿ. ಇವುಗಳಿಂದ ನಿಜವಾಗಿ ಪ್ರಯೋಜನವಿದೆಯೇ, ಹೆಡ್‌ಗಾರ್ಡ್ ಹಾಕಿದರೆ ತಲೆಯ ಚಿಂತೆ ಬಿಡಬಹುದೇ ಎಂಬುದು ನಿಮ್ಮ ಪ್ರಶ್ನೆ. ನಾನು ತುಮಕೂರಿನಲ್ಲಿ 18 ವರ್ಷಗಳಿಂದ ಮಕ್ಕಳಿಗೆ ಇದೇ ವಿದ್ಯೆಯನ್ನು ಹೇಳಿಕೊಡುತ್ತಿದ್ದೇನೆ. ಸೆಟ್ ಖಂಡಿತ ಕೊಡಿಸಿ, ಆದರೆ ತಲೆಯ ಚಿಂತೆಯನ್ನು ಮಾತ್ರ ಬಿಡಬೇಡಿ.

ಹಿರಿಯರ ಮಾತನ್ನು ತಳ್ಳಿಹಾಕಬೇಡಿ. ಗರಡಿಯಲ್ಲಿಯೂ ರಕ್ಷಣೆ ಇತ್ತು, ಅದು ಕಾಲ ಕೆಳಗಿತ್ತು. ಕೆಮ್ಮಣ್ಣನ್ನು ಜರಡಿಯಾಡಿ, ಎಣ್ಣೆ, ಅರಿಶಿನ, ಮಜ್ಜಿಗೆ ಬೆರೆಸಿ, ಮತ್ತೆ ಮತ್ತೆ ಅಗೆದು ಸಡಿಲಗೊಳಿಸಿದ ಮಟ್ಟಿಯ ಮೇಲೆ ಎತ್ತಿ ಒಗೆದರೂ ಪೈಲ್ವಾನರು ಎದ್ದು ನಿಲ್ಲುತ್ತಿದ್ದರು. ಆದರೆ ಕುಸ್ತಿಯಲ್ಲಿ ಗುದ್ದಿಗೂ ಒದೆತಕ್ಕೂ ಅವಕಾಶವಿಲ್ಲ, ಟೇಕ್ವಾಂಡೋದಲ್ಲಿ ಹೆಚ್ಚಿನ ಅಂಕ ಬರುವುದೇ ಒದೆತದಿಂದ. ಹಾಗಾಗಿ ಅಲ್ಲಿನ ಪದ್ಧತಿ ಇಲ್ಲಿಗೆ ಒಪ್ಪುವುದಿಲ್ಲ. ಆದರೂ ಅದರಿಂದ ಕಲಿಯಬೇಕಾದದ್ದು ಒಂದಿದೆ: ನಿಮ್ಮ ಮಗಳ ತರಗತಿ ಬರಿಯ ಸಿಮೆಂಟ್ ನೆಲದ ಮೇಲೆ ನಡೆಯುತ್ತಿದ್ದರೆ, ಸೆಟ್‌ಗಿಂತ ಮೊದಲು ಮ್ಯಾಟ್ ಹಾಸುವಂತೆ ಕೇಳಿ. ಒದೆಯಲು ಹೋಗಿ ಜಾರಿ ಹಿಮ್ಮುಖವಾಗಿ ಬಿದ್ದ ಮಗುವಿನ ತಲೆ ನೆಲಕ್ಕೆ ಬಡಿಯುವುದು, ಎದುರಾಳಿಯ ಪಾದ ತಗಲುವುದಕ್ಕಿಂತ ಅಪಾಯಕರವಾಗಬಹುದು.

ಗಾರ್ಡ್ ಕೆಲಸ ಮಾಡುವುದು ಎರಡು ರೀತಿಯಲ್ಲಿ. ಮೊದಲನೆಯದು, ಏಟು ನಿಲ್ಲುವ ದೂರವನ್ನು ಹೆಚ್ಚಿಸುವುದು. ಒಂದು ಸೆಂಟಿಮೀಟರಿನಲ್ಲಿ ನಿಲ್ಲುತ್ತಿದ್ದ ಒದೆತವು ಫೋಮ್ ಅದುಮಿಕೊಂಡು ಮೂರು ಸೆಂಟಿಮೀಟರಿನಲ್ಲಿ ನಿಂತರೆ, ದೇಹದ ಮೇಲೆ ಬೀಳುವ ಸರಾಸರಿ ಬಲವು ಮೂರನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಎರಡನೆಯದು, ಏಟನ್ನು ಅಗಲವಾಗಿ ಹರಡುವುದು. ಮೊಣಕಾಲಿನ ಕೆಳಗಿನ ಮೂಳೆಗೆ ಕಟ್ಟುವ ಶಿನ್‌ಗಾರ್ಡ್‌ನಲ್ಲಿ ಹೊರಗೆ ಗಟ್ಟಿಯಾದ ಪದರ, ಒಳಗೆ ಮೆತ್ತನೆಯ ಪದರ ಇರುವುದು ಈ ಎರಡೂ ಕೆಲಸಗಳು ಒಟ್ಟಿಗೆ ಆಗಲೆಂದು. ಹೆಬ್ಬೆರಳಿನಿಂದ ಒತ್ತಿದಾಗ ಆಚೆ ಬದಿಯ ಬೆರಳಿಗೆ ತಗಲುವಷ್ಟು ಮೆತ್ತಗಿರುವ ಫೋಮ್, ಜೋರಾದ ಏಟಿಗೆ ಪೂರ್ತಿ ಚಪ್ಪಟೆಯಾಗಿ, ಇಲ್ಲದಂತೆಯೇ ಆಗಿಬಿಡುತ್ತದೆ. ಸ್ವಲ್ಪವೂ ಅದುಮದ ಫೋಮ್ ಏಟನ್ನು ಹಾಗೆಯೇ ಒಳಕ್ಕೆ ದಾಟಿಸುತ್ತದೆ. ಇವೆರಡರ ನಡುವಿನದನ್ನು ಆರಿಸಬೇಕು, ಅಂಗಡಿಗೆ ಮಗಳನ್ನೇ ಕರೆದುಕೊಂಡು ಹೋಗಿ ಎಂದು ನಾನು ಪೋಷಕರಿಗೆ ಹೇಳುವುದು ಅದಕ್ಕಾಗಿಯೇ.

ಇವು ಬಂದದ್ದು ಗಾಯವಾಗದಿರಲಿ ಎಂಬ ಒಂದೇ ಕಾರಣಕ್ಕಲ್ಲ, ಅಭ್ಯಾಸವೇ ಬದಲಾಗಲಿ ಎಂದೂ ಹೌದು. ಜಪಾನಿನಲ್ಲಿ 18ನೇ ಶತಮಾನದ ಮೊದಲ ಭಾಗದಲ್ಲಿ ಬಿದಿರಿನ ಕತ್ತಿ ಮತ್ತು ಮೈಕವಚಗಳು ರೂಪುಗೊಂಡ ಮೇಲೆಯೇ ಕತ್ತಿವರಸೆ ಕಲಿಯುವವರು ಪೂರ್ಣ ವೇಗದಲ್ಲಿ ಒಬ್ಬರನ್ನೊಬ್ಬರು ನಿಜವಾಗಿ ಹೊಡೆದು ಅಭ್ಯಾಸ ಮಾಡಲು ಸಾಧ್ಯವಾಯಿತು. ಇಂದಿನ ಕೆಂಡೋ ಬೆಳೆದದ್ದು ಅದರಿಂದ. ನಮ್ಮ ವಿದ್ಯೆಯಲ್ಲಿ 1970ರ ದಶಕದ ಆರಂಭದಲ್ಲಿ, ಅಮೆರಿಕದಲ್ಲಿ ನೆಲೆಸಿದ್ದ ಕೊರಿಯಾದ ಗುರು ಜೂನ್ ರೀ ಅವರು ಕೈಕಾಲುಗಳಿಗೆ ಫೋಮ್ ಹೊದಿಕೆಗಳನ್ನು ತಂದರು. ಎದುರಿನವರಿಗೆ ನೋವಾಗುತ್ತದೆ ಎಂಬ ಅಂಜಿಕೆ ಕಡಿಮೆಯಾದರೆ ಮಗು ದೂರವನ್ನೂ ಸಮಯವನ್ನೂ ಸರಿಯಾಗಿ ಕಲಿಯುತ್ತದೆ. ಅಪಾಯ ಇರುವುದೂ ಅಲ್ಲಿಯೇ, ಏಕೆಂದರೆ ಅಂಜಿಕೆ ಹೋದ ಕಾಲು ಮೊದಲಿಗಿಂತ ಜೋರಾಗಿ ಬೀಸುತ್ತದೆ. ಬಾಕ್ಸಿಂಗ್ ಗ್ಲೌಸ್ ಕಾಯುವುದು ಮುಖ್ಯವಾಗಿ ಹೊಡೆಯುವವರ ಕೈಯನ್ನು ಎಂಬುದನ್ನು ಅನೇಕರು ಮರೆಯುತ್ತಾರೆ.

ಇನ್ನು ತಲೆಯ ವಿಷಯ. ಹೆಡ್‌ಗಾರ್ಡ್ ಹುಬ್ಬು ಒಡೆಯುವುದನ್ನು, ಕಿವಿ ಜಜ್ಜುವುದನ್ನು, ಬಿದ್ದಾಗ ಬುರುಡೆಗೆ ತಗಲುವ ನೇರ ಪೆಟ್ಟನ್ನು ಚೆನ್ನಾಗಿ ತಗ್ಗಿಸುತ್ತದೆ. ಆದರೆ ಮಿದುಳಿಗೆ ಆಗುವ ಆಘಾತದಲ್ಲಿ ತಲೆ ಗಿರಕ್ಕನೆ ತಿರುಗುವುದರ ಪಾಲು ದೊಡ್ಡದು. ಬುರುಡೆ ತಿರುಗಿದಾಗ ಒಳಗಿನ ಮಿದುಳು ಅದರ ಜೊತೆಗೇ ಸಾಗದೆ ಹಿಂದುಳಿದು ಎಳೆದಾಡುತ್ತದೆ. ಆ ತಿರುಗುವಿಕೆಯನ್ನು ಫೋಮ್ ನಂಬುವಷ್ಟು ತಡೆಯಲಾರದು, ಅತಿ ದಪ್ಪದ ಹೆಡ್‌ಗಾರ್ಡ್ ತಲೆಯನ್ನು ದೊಡ್ಡ ಗುರಿಯಾಗಿಸಿ, ಪಕ್ಕದಿಂದ ಬರುವ ಒದೆತ ಕಾಣದಂತೆಯೂ ಮಾಡಬಹುದು. ಒಲಿಂಪಿಕ್ ಬಾಕ್ಸಿಂಗ್‌ನಲ್ಲಿ 1984ರಿಂದ ಕಡ್ಡಾಯವಾಗಿದ್ದ ಹೆಡ್‌ಗಾರ್ಡ್ ಅನ್ನು ಅಂತರರಾಷ್ಟ್ರೀಯ ಸಂಸ್ಥೆ 2013ರಲ್ಲಿ ಹಿರಿಯ ಪುರುಷರಿಗೆ ತೆಗೆದುಹಾಕಿತು, 2016ರ ರಿಯೋ ಕೂಟದಲ್ಲಿ ಪುರುಷರು ಅದಿಲ್ಲದೆ ಆಡಿದರು, ಮಹಿಳೆಯರು ಧರಿಸಿಯೇ ಆಡಿದರು. ಆ ನಿರ್ಧಾರ ಇಂದಿಗೂ ಚರ್ಚೆಯಲ್ಲಿದೆ. ಮಕ್ಕಳ ತಲೆಯಿಂದ ಅದನ್ನು ತೆಗೆಯಲು ಇದನ್ನು ನೆಪ ಮಾಡಿಕೊಳ್ಳುವವರನ್ನು ನಾನು ಒಪ್ಪುವುದಿಲ್ಲ, ಅದೇ ರೀತಿ ಹೆಡ್‌ಗಾರ್ಡ್ ಇದೆಯೆಂದು ಮಕ್ಕಳ ತಲೆಗೆ ಪೂರ್ಣ ಬಲದಿಂದ ಒದೆಯಲು ಬಿಡುವವರನ್ನೂ ಒಪ್ಪುವುದಿಲ್ಲ.

ಇದನ್ನು ನಾನು ಕಲಿತದ್ದು ನನ್ನದೇ ತಪ್ಪಿನಿಂದ. ಕಲಿಸಲು ಆರಂಭಿಸಿದ ವರ್ಷಗಳಲ್ಲಿ, ಒಂದು ಬೇಸಿಗೆ ಶಿಬಿರದಲ್ಲಿ, ಹೆಡ್‌ಗಾರ್ಡ್ ಹಾಕಿದ್ದ ಹುಡುಗನೊಬ್ಬನ ಕಿವಿಯ ಮೇಲೆ ಸುತ್ತು ಒದೆತ ಬಿತ್ತು. ಅವನು ಬೀಳಲಿಲ್ಲ, ಗಾಯವೂ ಕಾಣಲಿಲ್ಲ, ‘ಆಯ್ತು ಸಾರ್’ ಎಂದ, ನಾನು ಇನ್ನೊಂದು ಸುತ್ತು ಆಡಿಸಿದೆ. ಆಟ ಮುಗಿದ ಮೇಲೆ ಅವನು ವಾಂತಿ ಮಾಡಿಕೊಂಡು, ಅಂದು ಯಾವ ವಾರವೆಂದು ಮೂರು ಸಲ ಕೇಳಿದ. ಅವನು ಚೇತರಿಸಿಕೊಂಡ, ಆದರೆ ಆ ಒಂದು ಸುತ್ತನ್ನು ನಾನು ಇಂದಿಗೂ ಕ್ಷಮಿಸಿಕೊಂಡಿಲ್ಲ. ತಲೆಗೆ ಪೆಟ್ಟು ಬಿದ್ದ ಮೇಲೆ ತಲೆನೋವು, ಮಂಕು, ವಾಕರಿಕೆ, ತೂರಾಟ ಇವುಗಳಲ್ಲಿ ಒಂದು ಕಂಡರೂ ಅಂದಿನ ಆಟ ಅಲ್ಲಿಗೆ ಮುಗಿಯಬೇಕು, ವೈದ್ಯರು ನೋಡದೆ ಮತ್ತೆ ಕಣಕ್ಕೆ ಇಳಿಯಬಾರದು.

ಸೆಟ್‌ನಲ್ಲಿ ಹೆಚ್ಚು ಬೆಲೆ ಬಾಳುವುದು ಎಲ್ಲಕ್ಕಿಂತ ಚಿಕ್ಕದಾದ ಮೌತ್‌ಗಾರ್ಡ್. ಮುರಿದ ಹಲ್ಲು ಮತ್ತೆ ಬೆಳೆಯುವುದಿಲ್ಲ. ಬಿಸಿನೀರಿನಲ್ಲಿ ಮೆತ್ತಗೆ ಮಾಡಿ ಕಚ್ಚಿ ಅಚ್ಚು ತೆಗೆಯುವಂಥದ್ದು ಸಾಕು, ದಂತವೈದ್ಯರ ಬಳಿ ಅಳತೆ ಕೊಟ್ಟು ಮಾಡಿಸಿದರೆ ಇನ್ನೂ ಒಳ್ಳೆಯದು. ಆದರೆ ಈ ವಯಸ್ಸಿನಲ್ಲಿ ದವಡೆ ಬೆಳೆಯುತ್ತಿರುವುದರಿಂದ ಅದನ್ನು ಆಗಾಗ ಬದಲಿಸಬೇಕು. ಮಗಳ ಹಲ್ಲಿಗೆ ಕ್ಲಿಪ್ ಹಾಕಿಸಿದ್ದರೆ ಆ ವೈದ್ಯರನ್ನೇ ಕೇಳಿ. ಬಾಯಿ ತೆರೆದಾಗ ಉದುರುವ ಮೌತ್‌ಗಾರ್ಡ್ ನಿಷ್ಪ್ರಯೋಜಕ.

ಚೆಸ್ಟ್‌ಗಾರ್ಡ್ ಬಗ್ಗೆ ಒಂದು ಎಚ್ಚರಿಕೆ. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಒದೆತವನ್ನು ತಾನೇ ಎಣಿಸುವ ಎಲೆಕ್ಟ್ರಾನಿಕ್ ಚೆಸ್ಟ್‌ಗಾರ್ಡ್ ಬಳಕೆಗೆ ಬಂತು. ಅದರಲ್ಲಿರುವ ಹೆಚ್ಚುವರಿ ವಿದ್ಯೆ ಅಂಕ ಎಣಿಸುವುದಕ್ಕೆ, ತರಗತಿಗೆ ಬೇಕಾಗಿಲ್ಲ. ಸಾಮಾನ್ಯವಾದದ್ದೇ ಸಾಕು, ಆದರೆ ಅಳತೆ ಸರಿಯಿರಬೇಕು. ‘ಮುಂದಿನ ವರ್ಷಕ್ಕೂ ಆಗಲಿ’ ಎಂದು ಶಾಲೆಯ ಸಮವಸ್ತ್ರದಂತೆ ದೊಡ್ಡದನ್ನು ಕೊಂಡರೆ, ಕಾಲೆತ್ತಿದಾಗ ಅದು ಗಂಟಲಿಗೆ ಒತ್ತುತ್ತದೆ, ಪಕ್ಕೆಲುಬು ಬಯಲಾಗುತ್ತದೆ. ತೊಡೆಸಂದಿಯ ಗಾರ್ಡ್ ಹೆಣ್ಣುಮಕ್ಕಳಿಗೂ ಬೇಕು, ಅವರಿಗೆಂದೇ ಬೇರೆ ಆಕಾರದ್ದು ಸಿಗುತ್ತದೆ, ಸಂಕೋಚದಿಂದ ಬಿಟ್ಟುಬಿಡಬೇಡಿ. ಮೊಣಕಾಲು ತಿರುಚಿ ಆಗುವ ನೋವಿಗೆ ಮಾತ್ರ ಈ ಸೆಟ್‌ನಲ್ಲಿ ಏನೂ ಇಲ್ಲ, ಅದಕ್ಕೆ ಕಾಲಿನ ಬಲ ಮತ್ತು ಪಾದ ತಿರುಗಿಸುವ ಸರಿಯಾದ ಕ್ರಮವೇ ಬೇಕು.

ನಮ್ಮ ಕಡೆಯ ತಗಡಿನ ಶೆಡ್‌ಗಳಲ್ಲಿ ಏಪ್ರಿಲ್ ತಿಂಗಳಿನಲ್ಲಿ ಇವೆಲ್ಲ ಬೆವರಿನಿಂದ ನೆನೆಯುತ್ತವೆ. ತರಗತಿಯ ಹಂಚಿಕೆಯ ಹೆಡ್‌ಗಾರ್ಡ್‌ನಿಂದ ಗಜಕರ್ಣ ಹರಡುವುದನ್ನು ಕಂಡಿದ್ದೇನೆ, ಆದ್ದರಿಂದ ಮಗಳಿಗೆ ಅವಳದ್ದೇ ಇರಲಿ. ಮನೆಗೆ ಬಂದೊಡನೆ ಒರೆಸಿ, ಗಾಳಿಯಾಡುವ ನೆರಳಿನಲ್ಲಿ ತೂಗುಹಾಕಿ. ಬಿಸಿಲಿಗಿಟ್ಟರೆ ಫೋಮ್ ಕ್ರಮೇಣ ಬಿರುಸಾಗಿ ಬಿರಿಯುತ್ತದೆ. ಎಲ್ಲವನ್ನೂ ಈಗಲೇ ಕೊಳ್ಳಲಾಗದಿದ್ದರೆ ಮೌತ್‌ಗಾರ್ಡ್, ಹೆಡ್‌ಗಾರ್ಡ್, ತೊಡೆಸಂದಿಯ ಗಾರ್ಡ್ ಮೊದಲು ಬರಲಿ, ಉಳಿದವು ಬರುವವರೆಗೆ ಮುಟ್ಟಿಯೂ ಮುಟ್ಟದಂತೆ ಒದೆಯುವ ಅಭ್ಯಾಸವನ್ನಷ್ಟೇ ಮಾಡಿಸಿ ಎಂದು ಮಾಸ್ಟರ್‌ಗೆ ಹೇಳಿ. ತಲೆಗೆ ಪೆಟ್ಟು ಬಿದ್ದ ಮಗುವನ್ನು ಅವರು ಏನು ಮಾಡುತ್ತಾರೆ ಎಂಬುದನ್ನೂ ಅದೇ ದಿನ ಕೇಳಿ ತಿಳಿದುಕೊಳ್ಳಿ.