ಅಜ್ಜನ ಕೈಯ ಜುಂಯ್

ಕಾಸರಗೋಡಿನ ಬದಿಯಡ್ಕ ಕಡೆಯ ಹುಡುಗಿ. ಪ್ಲಸ್ ಟೂ ಸಯನ್ಸ್ ಮುಗಿದಿದೆ. ಡಯಾಲಿಸಿಸ್ ಟೆಕ್ನಿಶಿಯನ್ ಆಗುವ ಆಸೆ. ಅಪ್ಪನಿಗೆ ನರ್ಸಿಂಗೇ ಆಗಬೇಕು. "ರಕ್ತದ ಕೆಲಸ, ಮದುವೆಗೆ ಕಷ್ಟ" ಅಂತ ಅತ್ತೆ. ಗಲ್ಫಿನ ಮಾವ ಆರು ತಿಂಗಳ ಡಯಾಲಿಸಿಸ್ ಕೋರ್ಸಿಗೆ ಸೀಟು ಹೇಳಿಟ್ಟಿದ್ದಾರೆ, ಈ ವಾರವೇ ಅಡ್ವಾನ್ಸ್ ಕಟ್ಟಬೇಕಂತೆ.

ಮಗಳೇ, ನಿನ್ನ ಪತ್ರದ ನಾಲ್ಕು ಪುಟದಲ್ಲಿ ಮೂರು ಪುಟ ಮಾವನೇ ತುಂಬಿಕೊಂಡಿದ್ದಾರೆ. ನಾನು ನಿಂತದ್ದು ಕೊನೆಯಲ್ಲಿ ನೀನು ಸುಮ್ನೆ ಸೇರಿಸಿದ ಸಾಲಿನ ಹತ್ತಿರ: "ಅಜ್ಜನ ಕೈಯ ಜುಂಯ್ ದಿನಾ ನಾನೇ ಮುಟ್ಟಿ ನೋಡುತ್ತಿದ್ದೆ. ಒಂದು ದಿನ ಸಿಗಲಿಲ್ಲ, ಕೂಡಲೇ ಮಂಗಳೂರಿಗೆ ಹೊರಟೆವು."

ಡಯಾಲಿಸಿಸ್‌ಗೆ ಅಂತ ಕೈಯಲ್ಲಿ ಎರಡು ರಕ್ತನಾಳ ಜೋಡಿಸಿರುತ್ತಾರಲ್ಲ, ಆ ಫಿಸ್ಟುಲಾ ಮುಟ್ಟಿದರೆ ಮುಷ್ಟಿಯೊಳಗೆ ದುಂಬಿ ಹಿಡಿದ ಹಾಗೆ ಅದುರುತ್ತದೆ. ಆ ಜುಂಯ್ ನಿಂತರೆ ಒಳಗೆ ರಕ್ತ ಹೆಪ್ಪುಗಟ್ಟಿರಬಹುದು. ಸೂಜಿ ಚುಚ್ಚುವ ಮೊದಲು ಟೆಕ್ನಿಶಿಯನ್ ನೋಡುವುದೂ ಇದನ್ನೇ. ಆಮೇಲೆ ನಾಲ್ಕು ಗಂಟೆ ಮೆಷಿನ್ನಿನ ಮೇಲೂ ಕಣ್ಣು, ಮುಖದ ಮೇಲೂ ಕಣ್ಣು. ರೋಗಿ ಆಕಳಿಸಿದರೆ, ಬೆವರಿದರೆ ಬಿಪಿ ಇಳಿಯುತ್ತಿದೆಯೋ ಅಂತ ನೋಡಬೇಕು. ವಾರಕ್ಕೆ ಮೂರು ದಿನ ಅವರೇ ಬರುತ್ತಾರೆ, ವರ್ಷಗಟ್ಟಲೆ. ತುಳು, ಕನ್ನಡ, ಮಲಯಾಳ ಮೂರೂ ಬರುವ ನಿನ್ನಂಥವಳು ಪಕ್ಕದಲ್ಲಿದ್ದರೆ ಅವರಿಗೆ ಎಷ್ಟು ಧೈರ್ಯ!

ಅಪ್ಪನ ಮೇಲೆ ನನಗೆ ಸಿಟ್ಟಿಲ್ಲ. ಅವರಿಗೆ ಗೊತ್ತಿರುವ ದಾರಿ ನರ್ಸಿಂಗ್, ಅದೂ ಒಳ್ಳೆಯ ದಾರಿಯೇ. ಯೂನಿಟ್ಟಿನಲ್ಲಿ ನರ್ಸುಗಳೂ ಇರುತ್ತಾರೆ. ಆದರೆ ನಿನ್ನ ಮನಸ್ಸು ಮೆಷಿನ್ನಿನ ಹತ್ತಿರ ಇದೆ. ಅತ್ತೆಗೆ ಉತ್ತರ ಕೊಡುವ ಕೆಲಸ ಬೇಡ.

ತಪ್ಪು ಮಾವನದು. ಕೇರಳದಲ್ಲಿ ಡಯಾಲಿಸಿಸ್ ಡಿಪ್ಲೊಮಾಕ್ಕೇ ಎರಡು ವರ್ಷ. ಮಂಗಳೂರಿನಲ್ಲಿ ಬಿ.ಎಸ್ಸಿ. ಮಾಡಿದರೆ ಮೂರು ವರ್ಷ ಓದು, ಮೇಲೆ ಇಂಟರ್ನ್‌ಶಿಪ್. ಇವರ ಆರು ತಿಂಗಳು ಎಲ್ಲಿಂದ ಬಂತು? 2021ರಲ್ಲಿ ಇಂಥ ಪ್ಯಾರಾಮೆಡಿಕಲ್ ವೃತ್ತಿಗಳಿಗೇ ಒಂದು ಕೇಂದ್ರ ಕಾನೂನು ಬಂದಿದೆ. ಇನ್ನು ಮುಂದೆ ರಿಜಿಸ್ಟ್ರೇಷನ್ ಕೇಳುವುದು ಜಾಸ್ತಿಯಾಗುತ್ತದೆ, ಕಡಿಮೆಯಾಗುವುದಿಲ್ಲ. ಈ ಅಂಕಣದಲ್ಲಿ ಎಷ್ಟು ಸಲ ಬರೆದಿದ್ದೇನೋ: ಅವಸರದ ಅಡ್ವಾನ್ಸ್ ಕೇಳುವವರನ್ನು ಅಂಗಳದಿಂದಲೇ ಕಳಿಸಿ.

ನೀನು ಮಾಡಬೇಕಾದದ್ದು ಒಂದೇ. ಆ ಕೋರ್ಸಿನವರ ಹತ್ತಿರ "ಇದು ಮುಗಿಸಿದವರಿಗೆ ಕೇರಳದಲ್ಲಿ ಪ್ಯಾರಾಮೆಡಿಕಲ್ ಕೌನ್ಸಿಲ್ ರಿಜಿಸ್ಟ್ರೇಷನ್ ಸಿಗುತ್ತದೆ ಅಂತ ಕಾಗದದಲ್ಲಿ ಬರೆದು ಕೊಡಿ" ಅಂತ ಕೇಳು. ಕೊಟ್ಟರೆ ಆ ಕಾಗದವನ್ನು ಕೌನ್ಸಿಲ್‌ಗೇ ತೋರಿಸಿ ವಿಚಾರಿಸು. ಕೊಡದಿದ್ದರೆ ಅಡ್ವಾನ್ಸ್ ಮಾವನೇ ಕಟ್ಟಲಿ, ಕ್ಲಾಸಿಗೂ ಅವರೇ ಹೋಗಲಿ.