ಬಿಸಿ ಪ್ರೆಸ್ ಮಡ್‌ಗೆ ಟ್ರೈಕೋಡರ್ಮಾ ಹಾಕಬೇಡಿ

ಅಣ್ಣ, ಸಕ್ಕರೆ ಫ್ಯಾಕ್ಟರಿಯಿಂದ ಬಂದ ಕಬ್ಬಿನ ರಸದ ಮಡ್ಡಿ, ಅಂದರೆ ಪ್ರೆಸ್ ಮಡ್‌ಗೆ ಅವತ್ತೇ ಟ್ರೈಕೋಡರ್ಮಾ (ಬೆಳೆಯ ರೋಗ ತಡೆಯುವ ಒಳ್ಳೆ ಬೂಷ್ಟು) ಕಲಸಿ, ಟಾರ್ಪಾಲು ಬಿಗಿದು, ಈಗ ಗಬ್ಬು ವಾಸನೆ ಅಂತ ಬರೆದಿದ್ದೀರಿ. ನಾನೂ ಈ ದಾರಿಯಲ್ಲೇ ಬಂದವನು. ಅಷ್ಟೂ ಟ್ರೈಕೋಡರ್ಮಾ ಬೆಂದು ಹೋಗಿರುತ್ತದೆ. ಅದಕ್ಕೆ ಒಗ್ಗುವುದು 25ರಿಂದ 30 ಡಿಗ್ರಿ. ಹಸಿ ಮಡ್‌ನಲ್ಲಿ ಸಕ್ಕರೆ ಉಳಿದಿರುತ್ತದೆ, ರಾಶಿಯ ಕಾವು ಏರಿ 60 ಡಿಗ್ರಿ ದಾಟುತ್ತದೆ.

ವಾಸನೆಗೆ ಕಾರಣ ಬೇರೆ: ಗಾಳಿ ಇಲ್ಲ. ಮಡ್‌ನಲ್ಲಿ ನೂರಕ್ಕೆ ಸುಮಾರು 70 ಭಾಗ ನೀರೇ, ಮೇಲೆ ಟಾರ್ಪಾಲು ಬೇರೆ. ಮೊದಲು ಅದನ್ನು ತೆಗೆಯಿರಿ. ಒಣ ಕಬ್ಬಿನ ತರಗನ್ನು ಕತ್ತರಿಸಿ ಪದರ ಪದರವಾಗಿ ಹಾಕಿ, ನಡುವೆ ಸಗಣಿ ಬಗ್ಗಡ ಚಿಮುಕಿಸಿ. ತರಗಿಗೆ ಬೆಂಕಿ ಇಡುವವರು ದಯವಿಟ್ಟು ಈ ಸಾಲನ್ನು ಎರಡು ಸಲ ಓದಿ! ರಾಶಿ ಸೊಂಟದೆತ್ತರ ಸಾಕು. ವಾರ, ಹತ್ತು ದಿನಕ್ಕೊಮ್ಮೆ ಮಗುಚಬೇಕು. ಆಳು ಸಿಗಲ್ಲ ಅಂತೀರಾ, ಹಾಗಾದರೆ ಉದ್ದಕ್ಕೆ ಹಾಕಿ, ಜೆಸಿಬಿ ಬಂದ ದಿನ ಮಗುಚಿಸಿ.

ಥರ್ಮಾಮೀಟರ್ ಬೇಡ. ರಾಶಿಯೊಳಗೆ ಕಬ್ಬಿಣದ ಸರಳು ಚುಚ್ಚಿಟ್ಟು ಸ್ವಲ್ಪ ಹೊತ್ತು ಬಿಟ್ಟು ಎಳೆಯಿರಿ. ಹಿಡಿಯಲು ಆಗದಿದ್ದರೆ ಇನ್ನೂ ಕಾಯಬೇಕು. ಮಗುಚಿದ ಮೇಲೂ ಕಾವು ಏರದಿದ್ದರೆ, ಆಗ ಟ್ರೈಕೋಡರ್ಮಾ. ಅದೂ ನೇರವಾಗಿ ಅಲ್ಲ. 1 ಕೆಜಿಯನ್ನು 100 ಕೆಜಿ ಹಳೇ ಕೊಟ್ಟಿಗೆ ಗೊಬ್ಬರಕ್ಕೆ ಕಲಸಿ, ನೆರಳಲ್ಲಿ ಒದ್ದೆ ಗೋಣಿ ಮುಚ್ಚಿ ಒಂದೆರಡು ವಾರ ಬಿಟ್ಟು ಸೇರಿಸಿ. ರಾಶಿಯ ತೇವ ಎಷ್ಟಿರಬೇಕೆಂದರೆ, ಮುಷ್ಟಿಯಲ್ಲಿ ಹಿಂಡಿದರೆ ಬೆರಳು ಒದ್ದೆಯಾಗಬೇಕು, ನೀರು ಸುರಿಯಬಾರದು.

ಯಾವ ಕಂಪನಿಯ ಟ್ರೈಕೋಡರ್ಮಾ ಅಂತ ಯಾರೋ ಕೇಳಿದ್ದರು. ನನಗೆ ಕಂಪನಿಗಿಂತ ತಯಾರಾದ ದಿನಾಂಕ ಮುಖ್ಯ. ಬಿಸಿಲು ಬೀಳುವ ಶೋಕೇಸ್‌ನಲ್ಲಿಟ್ಟ ಪ್ಯಾಕೆಟ್ ಸುಮ್ನೆ ದಂಡ. ಜೊತೆಗೆ ಬೂಷ್ಟನ್ನೇ ಕೊಲ್ಲುವ ಔಷಧಿ ಕಾರ್ಬೆಂಡಜಿಮ್ ಕೂಡ ಸುರಿಯುತ್ತೀರಿ ನೋಡಿ, ಅದು ಇನ್ನೂ ದೊಡ್ಡ ದಂಡ.

ಗಾಜಿಯಾಬಾದ್‌ನ ಸಾವಯವ ಕೃಷಿ ಕೇಂದ್ರದ ವೇಸ್ಟ್ ಡಿಕಂಪೋಸರ್ (ಕಸ ಕೊಳೆಸುವ ಜೀವಾಣು) ಬಾಟಲಿ ಇದ್ದರೆ ರಾಶಿ ಶುರುಮಾಡುವಾಗಲೇ ಚಿಮುಕಿಸಬಹುದು. 200 ಲೀಟರ್ ನೀರಿಗೆ ಆ ಬಾಟಲಿ, 2 ಕೆಜಿ ಬೆಲ್ಲ. ಬಣ್ಣ ತಿಳಿಯಾಗಲೆಂದು ಹೈಡ್ರೋಸ್ ರಾಸಾಯನಿಕ ಹಾಕಿದ ಹಳದಿ ಬೆಲ್ಲ ಬೇಡ, ಆಲೆಮನೆಯ ಕಪ್ಪು ಬೆಲ್ಲವೇ ಸಾಕು, ಅಗ್ಗ ಕೂಡ. ಡ್ರಮ್ಮಿನ ಮುಚ್ಚಳ ಬಿಗಿಯಬೇಡಿ, ಬಟ್ಟೆ ಕಟ್ಟಿ. ದಿನಾ ಕೋಲಿನಲ್ಲಿ ತಿರುವಿ.

ಇನ್ನೊಂದು ವಿಷಯ. ಅರೆಬೆಂದ ಮಡ್‌ನ್ನು ತೆಂಗಿನ ಸಸಿ ಬುಡಕ್ಕೆ ತುಂಬಬೇಡಿ, ಬೇರಿಗೆ ಕಾವು ತಗಲುತ್ತದೆ. ಮಣ್ಣಿನ ವಾಸನೆ ಬಂದ ಮೇಲೇ ಹಾಕಿ, ಬುಡದಿಂದ ಸ್ವಲ್ಪ ದೂರಕ್ಕೆ.