ಡೇಟಾಬೇಸ್ ಬ್ಯಾಕಪ್ ತೆಗೆಯುವಾಗ ಕಂಪ್ರೆಷನ್ ಎಲ್ಲಿ ಮಾಡಬೇಕು: ಡೇಟಾಬೇಸ್ ಕಡೆಯೋ, ಸಂಗ್ರಹಿಸುವ ಕಡೆಯೋ?

ಎಲ್ಲಾದರೂ ಒಂದೇ ಕಡೆ ಮಾಡಿ. ಬ್ಯಾಕಪ್ ಇಡುವ ಜಾಗದಲ್ಲಿ ಡಿಡುಪ್ಲಿಕೇಷನ್, ಅಂದರೆ ಒಂದೇ ತೆರನಾದ ತುಣುಕುಗಳನ್ನು ಒಮ್ಮೆ ಮಾತ್ರ ಉಳಿಸುವ ವ್ಯವಸ್ಥೆ, ಇಲ್ಲದಿದ್ದರೆ ಡೇಟಾಬೇಸ್ ಕಡೆಯಲ್ಲೇ ಕುಗ್ಗಿಸಿ. ನೆಟ್‌ವರ್ಕ್‌ನಲ್ಲಿ ಸಾಗಬೇಕಾದ ಡೇಟಾ ಕೂಡ ಕಡಿಮೆಯಾಗುತ್ತದೆ. ಡಿಡುಪ್ಲಿಕೇಷನ್ ಇದ್ದರೆ ಮೂಲದಲ್ಲಿ ಕುಗ್ಗಿಸದೆ ಕಳುಹಿಸಿ, ಕುಗ್ಗಿಸುವ ಕೆಲಸವನ್ನು ಸಂಗ್ರಹಿಸುವ ಕಡೆಗೇ ಬಿಡಿ.

ಕಂಪ್ರೆಷನ್ ಎಂದರೆ ಡೇಟಾದಲ್ಲಿರುವ ಪುನರಾವರ್ತನೆಯನ್ನು ಹಿಂಡಿ ತೆಗೆಯುವುದು. ಎರಡನೆಯ ಸಲ ಹಿಂಡಲು ಹೆಚ್ಚೇನೂ ಉಳಿದಿರುವುದಿಲ್ಲ, ಸಿಪಿಯು ಸುಮ್ಮನೆ ದುಡಿಯುತ್ತದೆ. ಇದಕ್ಕಿಂತ ದೊಡ್ಡ ನಷ್ಟ ಇನ್ನೊಂದಿದೆ. ಕೋಷ್ಟಕದ ಆರಂಭದಲ್ಲಿ ಒಂದೇ ಒಂದು ಸಾಲು ಬದಲಾದರೂ ಕುಗ್ಗಿಸಿದ ಫೈಲ್‌ನಲ್ಲಿ ಅಲ್ಲಿಂದ ಮುಂದಿನ ಬೈಟ್‌ಗಳೆಲ್ಲ ಬೇರೆಯಾಗಿಬಿಡಬಹುದು. ನಿನ್ನೆಯ ಬ್ಯಾಕಪ್ಪೂ ಇಂದಿನದೂ ಬಹುತೇಕ ಒಂದೇ ಆಗಿದ್ದರೂ ಡಿಡುಪ್ಲಿಕೇಷನ್‌ಗೆ ಆ ಹೋಲಿಕೆ ಕಾಣುವುದಿಲ್ಲ. ದಿನವೂ ಪೂರ್ತಿ ಹೊಸ ಪ್ರತಿ ಕೂಡುತ್ತಾ ಹೋಗುತ್ತದೆ.

ಗೊತ್ತಿಲ್ಲದೆಯೇ ಎರಡು ಸಲ ಕುಗ್ಗಿಸುವುದು ಬಹಳ ಸುಲಭ. ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್‌ನ ಬ್ಯಾಕಪ್ ಸಾಧನವಾದ ಪಿಜಿ ಡಂಪ್ ತನ್ನ ಕಸ್ಟಮ್ ಮಾದರಿಯಲ್ಲಿ ನೀವು ಹೇಳದಿದ್ದರೂ ಕುಗ್ಗಿಸುತ್ತದೆ. ಡಿಡುಪ್ಲಿಕೇಷನ್ ಇರುವಲ್ಲಿ ಪಿಜಿ ಡಂಪ್‌ನ ಕಂಪ್ರೆಷನ್ ಮಟ್ಟವನ್ನು 0 ಮಾಡಲು ಮರೆಯಬೇಡಿ. ಬ್ಯಾಕಪ್ಪನ್ನು ಎನ್‌ಕ್ರಿಪ್ಟ್ ಮಾಡುವುದಿದ್ದರೆ ಕುಗ್ಗಿಸುವ ಕೆಲಸ ಅದಕ್ಕೂ ಮೊದಲೇ ಮುಗಿಯಬೇಕು, ಏಕೆಂದರೆ ಎನ್‌ಕ್ರಿಪ್ಟ್ ಆದ ಡೇಟಾ ಕುಗ್ಗುವುದಿಲ್ಲ.